ಬ್ಯಾಟು ಯಾರದೋ ಅವರದೇ ತಂಡವೇ? - 2025ರ ನನ್ನ ಟೆಸ್ಟ್ ಹನ್ನೊಂದು

ಡಿಸೆಂಬರ್ ಮುಗಿಯೋದೇ ತಡ, ಶುರುವಾಗ್ತದೆ ನೋಡಿ 'ವರ್ಷದ ಶ್ರೇಷ್ಠ ಟೆಸ್ಟ್ ತಂಡ' ಆರಿಸೋ ಸುಗ್ಗಿ. ಐಸಿಸಿಯವರದ್ದೊಂದು ತಂಡ, ಪತ್ರಿಕೆಯವರದ್ದೊಂದು, ಟಿವಿಯಲ್ಲಿ ಕೋಟು ಹಾಕ್ಕೊಂಡು ಕೂತ ಮಾಜಿ ಆಟಗಾರರದ್ದು ತಲೆಗೊಂದು. ಹನ್ನೊಂದು ಹೆಸರು ಬರೆಯೋದೇನು ದೊಡ್ಡ ಮಾತಲ್ಲ. ಆದರೆ ಯಾವ ಲೆಕ್ಕದಲ್ಲಿ ಆರಿಸಿದಿರಿ ಅಂತ ಕೇಳಿದರೆ ಮಾತ್ರ ಬಹಳ ಜನ "ರನ್ನು ನೋಡ್ರಿ, ವಿಕೆಟ್ ನೋಡ್ರಿ" ಅಂತ ಪಟ್ಟಿ ತೋರಿಸಿ ಸುಮ್ಮನಾಗ್ತಾರೆ. ನನ್ನ ತಕರಾರು ಇರೋದೇ ಆ ಪಟ್ಟಿಯ ಮೇಲೆ.

ಬೈಲಹೊಂಗಲ ತಾಲೂಕಿನ ನಮ್ಮ ದೊಡವಾಡದ ಕಡೆ ಕ್ರಿಕೆಟ್ ಆಡೋದು ಎರೆ ಹೊಲದಲ್ಲಿ. ಕಡಲೆ ಕಿತ್ತು, ಜೋಳ ಕೊಯ್ದು ಹೊಲ ಖಾಲಿಯಾದ ಮೇಲೆ ಅದೇ ನಮ್ಮ ಲಾರ್ಡ್ಸ್. ಆ ಹೊತ್ತಿಗೆ ಎರೆ ಮಣ್ಣು ಅಂಗೈ ಹೋಗುವಷ್ಟು ಬಿರುಕು ಬಿಟ್ಟಿರ್ತದೆ. ಚೆಂಡು ಬಿರುಕಿಗೆ ಬಿದ್ದರೆ ಒಂದೋ ಕಾಲ ಬುಡಕ್ಕೆ, ಇಲ್ಲಾ ಗದ್ದಕ್ಕೆ. ಅಂಥಾ ಪಿಚ್ಚಿನ ಮೇಲೆ ಹದಿನೆಂಟು ಹೊಡೆದವನಿಗೂ, ಶಾಲೆಯ ಗಟ್ಟಿ ಮೈದಾನದಲ್ಲಿ ಅರವತ್ತು ಹೊಡೆದವನಿಗೂ ಊರಲ್ಲಿ ಯಾರ ಬೆಲೆ ಹೆಚ್ಚು ಅಂತ ಕೇಳಿದರೆ ಸಣ್ಣ ಹುಡುಗನೂ ಸರಿಯಾಗೇ ಹೇಳ್ತಾನೆ. ಎತ್ತು ಕೊಳ್ಳಲಿಕ್ಕೆ ಹೋದವರು ತೂಕ ಕೇಳೋದಿಲ್ಲ, ನೊಗ ಹೊತ್ತು ಹೆಂಗ ನಡೀತದ ಅಂತ ನೋಡ್ತಾರೆ. ಆದರೆ ವರ್ಷದ ತಂಡ ಆರಿಸೋ ದೊಡ್ಡವರು ಮಾತ್ರ ಇನ್ನೂ ತಕ್ಕಡಿ ಹಿಡಿದೇ ಕೂತಿದ್ದಾರೆ.

ನಮ್ಮ ಊರಿನ ಕ್ರಿಕೆಟ್ಟಿನಲ್ಲಿ ಇನ್ನೊಂದು ನಿಯಮ ಇತ್ತು. ನಿಮ್ಮ ಊರಲ್ಲೂ ಇದ್ದೇ ಇರ್ತದೆ. ಬ್ಯಾಟು ಯಾರ ಮನೆಯದೋ ಅವನೇ ಓಪನರ್. ಔಟಾದರೂ ಇನ್ನೊಂದು ಚಾನ್ಸ್. ದಿನಕ್ಕೆ ಮೂರು ಸಲ ಅವನದೇ ಬ್ಯಾಟಿಂಗ್, ಆದ್ದರಿಂದ ಸಂಜೆ ಲೆಕ್ಕ ಹಾಕಿದರೆ ಹೆಚ್ಚು ರನ್ನೂ ಅವನದೇ! ಇದು ಹುಡುಗಾಟ ಅಂತ ನಗಬೇಡಿ. ಜಗತ್ತಿನ ಟೆಸ್ಟ್ ಕ್ರಿಕೆಟ್ ನಡೆಯೋದು ಬಹುಮಟ್ಟಿಗೆ ಹೀಗೇ.

ಐಸಿಸಿಯ 2024ರ ಟೆಸ್ಟ್ ತಂಡವನ್ನೇ ನೋಡಿ. ಜೈಸ್ವಾಲ್, ಡಕೆಟ್, ವಿಲಿಯಮ್ಸನ್, ರೂಟ್, ಬ್ರೂಕ್, ಕಮಿಂಡು ಮೆಂಡಿಸ್, ಜೇಮಿ ಸ್ಮಿತ್, ಜಡೇಜ, ಕಮಿನ್ಸ್, ಮ್ಯಾಟ್ ಹೆನ್ರಿ, ಬುಮ್ರಾ. ಇದರಲ್ಲಿ ಯಾರೂ ಕಳಪೆ ಅಲ್ಲ. ಆ ವರ್ಷ ರೂಟ್ 1,556 ರನ್ ಹೊಡೆದರು, ಬುಮ್ರಾ 13 ಟೆಸ್ಟಿನಲ್ಲಿ 71 ವಿಕೆಟ್ ತೆಗೆದರು. ಆದರೆ ಇಂಗ್ಲೆಂಡ್ ಆ ವರ್ಷ ಆಡಿದ್ದು 17 ಟೆಸ್ಟ್, ತಂಡದಲ್ಲಿ ನಾಲ್ಕು ಜನ ಇಂಗ್ಲೆಂಡಿನವರು. ಅದೇ ಡಿಸೆಂಬರಿನಲ್ಲಿ ಸೆಂಚುರಿಯನ್ನಿನಲ್ಲಿ ಪಾಕಿಸ್ತಾನವನ್ನು ಸೋಲಿಸಿ ವಿಶ್ವ ಟೆಸ್ಟ್ ಚಾಂಪಿಯನ್‌ಶಿಪ್ಪಿನ ಫೈನಲ್ ತಲುಪಿದ ದಕ್ಷಿಣ ಆಫ್ರಿಕಾದಿಂದ ಎಷ್ಟು ಜನ? ಸೊನ್ನೆ. 2023ರ ತಂಡದಲ್ಲೂ ಸೊನ್ನೆ.

ಯಾಕೆ ಅಂದರೆ ಅವರ ಹತ್ತಿರ ಬ್ಯಾಟಿಲ್ಲ. 2023-25ರ ಟೆಸ್ಟ್ ಚಾಂಪಿಯನ್‌ಶಿಪ್ಪಿನಲ್ಲಿ ಇಂಗ್ಲೆಂಡ್ 22 ಟೆಸ್ಟ್ ಆಡಿತು, ಭಾರತ ಮತ್ತು ಆಸ್ಟ್ರೇಲಿಯಾ 19-19. ದಕ್ಷಿಣ ಆಫ್ರಿಕಾ 12. ಎಲ್ಲವೂ ಎರಡೆರಡು ಟೆಸ್ಟಿನ ಸರಣಿಗಳು. 2024ರ ಫೆಬ್ರವರಿಯಲ್ಲಂತೂ ಸ್ವದೇಶದ ಟಿ20 ಲೀಗ್ ನಡೀತಿದೆ ಅಂತ ಮುಖ್ಯ ಆಟಗಾರರನ್ನು ಅಲ್ಲೇ ಬಿಟ್ಟು ನ್ಯೂಜಿಲೆಂಡಿಗೆ ಹೊಸಬರ ತಂಡ ಕಳಿಸಿದರು, ನಾಯಕ ನೀಲ್ ಬ್ರಾಂಡ್‌ಗೇ ಅದು ಮೊದಲ ಟೆಸ್ಟ್! ದುಡ್ಡಿಗಾಗಿ ಹಾಗೆ ಮಾಡಬೇಕಾದ ಸ್ಥಿತಿ ಬಂದ ದೇಶದ ಆಟಗಾರರನ್ನು ನಾವು ಕೊನೆಗೆ "ಒಟ್ಟು ರನ್ ಕಡಿಮೆ" ಅಂತ ಪಟ್ಟಿಯಿಂದ ಹೊರಗಿಡ್ತೀವಿ. ಆಡಲಿಕ್ಕೇ ಕೊಡದೆ, ಆಡಲಿಲ್ಲ ಅಂತ ಶಿಕ್ಷೆ. ಇದು ಸರಿಯಾ?

ಅದಕ್ಕೇ ನಾನು 2025ರ ತಂಡ ಆರಿಸಲಿಕ್ಕೆ ಕೂತಾಗ ಮೊದಲು ನಿಯಮ ಬರೆದುಕೊಂಡೆ.

ಒಂದು: ಒಟ್ಟು ರನ್, ಒಟ್ಟು ವಿಕೆಟ್ ನೋಡಬಾರದು. ಈ ಮನುಷ್ಯ ಇಲ್ಲದಿದ್ದರೆ ಆ ಪಂದ್ಯದ, ಆ ಸರಣಿಯ ಕಥೆ ಬದಲಾಗ್ತಿತ್ತಾ ಅಂತ ಕೇಳಬೇಕು.

ಎರಡು: ಯಾರ ಮೇಲೆ, ಎಂಥಾ ಪಿಚ್ಚಿನ ಮೇಲೆ ಅನ್ನೋದು ನೋಡಬೇಕು.

ಮೂರು: ಒಂದೇ ಸರಣಿಯಲ್ಲಿ ಮಿಂಚಿ ಮರೆಯಾದವರು ಬೇಡ. ಕನಿಷ್ಠ ಎರಡು ಬೇರೆ ಬೇರೆ ತಂಡಗಳ ಎದುರು ಕೆಲಸ ಮಾಡಿರಬೇಕು.

ನಾಲ್ಕು: ಇದು ಸನ್ಮಾನದ ಪಟ್ಟಿ ಅಲ್ಲ, ತಂಡ. ಇಪ್ಪತ್ತು ವಿಕೆಟ್ ತೆಗೆಯೋ ಶಕ್ತಿ ಇರಬೇಕು.

ಐದು: ನಮ್ಮ ಹುಡುಗ ಅಂತ ಒಂದು ಮಾರ್ಕೂ ಹೆಚ್ಚು ಕೊಡಬಾರದು. (ಇದೇ ಎಲ್ಲಕ್ಕಿಂತ ಕಷ್ಟ ಅಂತ ಬೇರೆ ಹೇಳಬೇಕಾಗಿಲ್ಲ!)

ಮೊದಲನೇ ನಿಯಮ ನನ್ನದಲ್ಲ, ನಮ್ಮ ವಿಶಿ ಕಲಿಸಿದ್ದು. 1975ರ ಜನವರಿ, ಮದರಾಸಿನ ಚೆಪಾಕ್. ಆಂಡಿ ರಾಬರ್ಟ್ಸ್ ಬೆಂಕಿ ಉಗುಳ್ತಾ ಏಳು ವಿಕೆಟ್ ಕಿತ್ತ ದಿನ ಭಾರತ 190ಕ್ಕೆ ಆಲೌಟ್. ಅದರಲ್ಲಿ ಜಿ.ಆರ್. ವಿಶ್ವನಾಥ್ ಒಬ್ಬರದೇ 97, ಔಟಾಗದೆ. ಭಾರತ ಆ ಪಂದ್ಯ 100 ರನ್ನಿನಿಂದ ಗೆದ್ದಿತು. ಶತಕಗಳ ಪಟ್ಟಿ ತೆಗೆದರೆ ಆ ಇನ್ನಿಂಗ್ಸ್ ಅದರಲ್ಲಿ ಸಿಗೋದೇ ಇಲ್ಲ. ಆದರೆ ಐವತ್ತು ವರ್ಷ ಆದ ಮೇಲೂ ಕನ್ನಡಿಗರು ವಿಶಿ ಅಂದಕೂಡಲೇ ಮೊದಲು ನೆನೆಯೋದು ಅದನ್ನೇ. ತಕ್ಕಡಿಗೆ ಸಿಗದ್ದು ನೆನಪಿಗೆ ಸಿಕ್ಕಿದೆ.

ಈಗ ತಂಡಕ್ಕೆ ಬರೋಣ.

ನಾಯಕನಿಂದಲೇ ಶುರು ಮಾಡ್ತೀನಿ. ಟೆಂಬಾ ಬವುಮಾ. 2025ರಲ್ಲಿ ಈತ ಆಡಿದ್ದು ಬರೀ ನಾಲ್ಕು ಟೆಸ್ಟ್. ನಾಲ್ಕನ್ನೂ ಗೆದ್ದ. ಜನವರಿಯಲ್ಲಿ ಕೇಪ್‌ಟೌನಿನಲ್ಲಿ ಪಾಕಿಸ್ತಾನದ ಮೇಲೆ 106. ಜೂನಿನಲ್ಲಿ ಲಾರ್ಡ್ಸ್ ಫೈನಲ್ಲಿನಲ್ಲಿ ಆಸ್ಟ್ರೇಲಿಯಾ ಎದುರು 282 ಬೆನ್ನಟ್ಟುವಾಗ ತೊಡೆಯ ಸ್ನಾಯು ಹಿಡಿದುಕೊಂಡು, ಕುಂಟುತ್ತಾ 66. ನವೆಂಬರಿನಲ್ಲಿ ಕೋಲ್ಕತ್ತಾ. ಆ ಪಿಚ್ಚು ನಮ್ಮ ಕಡಲೆ ಕಿತ್ತ ಹೊಲಕ್ಕಿಂತ ಏನೂ ಕಮ್ಮಿ ಇರಲಿಲ್ಲ. ನಾಲ್ಕು ಇನ್ನಿಂಗ್ಸಿನಲ್ಲಿ ಯಾವ ತಂಡವೂ 200 ಮುಟ್ಟಲಿಲ್ಲ. ಇಡೀ ಪಂದ್ಯದಲ್ಲಿ ಐವತ್ತು ದಾಟಿದವನು ಒಬ್ಬನೇ, ಬವುಮಾ, 55 ಔಟಾಗದೆ. 124 ಬೇಕಿದ್ದ ಭಾರತ 93ಕ್ಕೆ ಉರುಳಿತು. ಆ 55 ತೆಗೆದು ನೋಡಿ, ಕಥೆಯೇ ಬೇರೆ. ನನಗೆ ಅದು ವಿಶಿಯ 97ರ ಮನೆತನದ್ದೇ ಇನ್ನಿಂಗ್ಸ್ ಅನ್ನಿಸಿತು. ನಮ್ಮ ದೇಶವೇ ಸೋತಿತು ಅನ್ನೋ ಹೊಟ್ಟೆಯುರಿ ಇದೆ, ಆದರೆ ಸತ್ಯ ಸತ್ಯವೇ.

ಈಗ ಬವುಮಾನ ಎದುರಿಗೆ ಅದೇ ದೇಶದ ವಿಯಾನ್ ಮುಲ್ಡರ್‌ನನ್ನು ನಿಲ್ಲಿಸೋಣ. ಜುಲೈನಲ್ಲಿ ಬುಲವಾಯೊದಲ್ಲಿ ಜಿಂಬಾಬ್ವೆ ಮೇಲೆ 367, ಔಟಾಗದೆ. ಲಾರಾನ 400 ಕೈಗೆಟುಕುವ ದೂರದಲ್ಲಿತ್ತು. ಊಟದ ವಿರಾಮಕ್ಕೆ ಈ ಪುಣ್ಯಾತ್ಮ ಡಿಕ್ಲೇರ್ ಮಾಡಿಬಿಟ್ಟ, ಆ ದಾಖಲೆ ಲಾರಾ ಹೆಸರಲ್ಲೇ ಇರಲಿ ಅಂತ. ಆ ದೊಡ್ಡ ಮನಸ್ಸಿಗೆ ಕೈ ಮುಗೀತೀನಿ. ಆದರೆ ತಕ್ಕಡಿ ಹಿಡಿದರೆ ಮುಲ್ಡರನ ಒಂದು ಇನ್ನಿಂಗ್ಸ್ ಬವುಮಾನ ಇಡೀ ವರ್ಷಕ್ಕಿಂತ ಭಾರ! ಬವುಮಾ ವರ್ಷಪೂರ್ತಿ ಹೊಡೆದದ್ದು 310 ರನ್. ತಕ್ಕಡಿ ಯಾಕೆ ಬೇಡ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಗಲಿಲ್ಲ.

ಓಪನರ್ ಒಬ್ಬ ಏಡನ್ ಮಾರ್ಕ್ರಮ್. ಲಾರ್ಡ್ಸ್ ಫೈನಲ್ಲಿನ ನಾಲ್ಕನೇ ಇನ್ನಿಂಗ್ಸಿನಲ್ಲಿ 136. 1998ರಿಂದ ಒಂದೂ ಐಸಿಸಿ ಟ್ರೋಫಿ ಗೆಲ್ಲದ ದೇಶಕ್ಕೆ ಗದೆ ತಂದುಕೊಟ್ಟ ಇನ್ನಿಂಗ್ಸ್ ಅದು. ಮೇಲಿಂದ ಗುವಾಹಟಿಯಲ್ಲಿ ಒಂದೇ ಟೆಸ್ಟಿನಲ್ಲಿ ಒಂಬತ್ತು ಕ್ಯಾಚು, ಅದು ವಿಶ್ವದಾಖಲೆ.

ಇನ್ನೊಬ್ಬ ಓಪನರ್? ಇಲ್ಲೇ ನನ್ನ ಐದನೇ ನಿಯಮಕ್ಕೆ ಅಗ್ನಿಪರೀಕ್ಷೆ. ಕೆ.ಎಲ್. ರಾಹುಲ್ ಇಂಗ್ಲೆಂಡಿನಲ್ಲಿ 532 ರನ್ ಹೊಡೆದ. ಲೀಡ್ಸ್‌ನಲ್ಲಿ 137, ಲಾರ್ಡ್ಸ್‌ನಲ್ಲಿ 100. ಆದರೆ ಆ ಎರಡೂ ಟೆಸ್ಟ್ ಭಾರತ ಸೋತಿತು. ನಮ್ಮ ಹುಡುಗ ಅನ್ನೋದನ್ನು ಬದಿಗಿಟ್ಟರೆ ನನ್ನ ಮೊದಲನೇ ನಿಯಮದ ಪ್ರಕಾರ ಈ ಶತಕಗಳಿಗೆ ಬೆಲೆ ಕಡಿಮೆ. ನನ್ನ ಕಣ್ಣಿಗೆ ರಾಹುಲನ ನಿಜವಾದ ಇನ್ನಿಂಗ್ಸ್ ಮ್ಯಾಂಚೆಸ್ಟರಿನದು. 311 ರನ್ ಹಿಂದೆ ಬಿದ್ದು, ಸೊನ್ನೆಗೆ ಎರಡು ವಿಕೆಟ್ ಹೋದಾಗ ಗಿಲ್ ಜೊತೆ ನಿಂತು 90. ಶತಕವಲ್ಲದ ಆ 90ರಿಂದಲೇ ಟೆಸ್ಟ್ ಉಳಿಯಿತು, ಆ ಟೆಸ್ಟ್ ಉಳಿದದ್ದರಿಂದಲೇ ಓವಲ್‌ನಲ್ಲಿ ಸರಣಿ 2-2 ಆಗಲು ಸಾಧ್ಯವಾಯಿತು. ಅಕ್ಟೋಬರಿನಲ್ಲಿ ಅಹಮದಾಬಾದಿನಲ್ಲಿ ವಿಂಡೀಸ್ ಮೇಲೆ 100. ದಕ್ಷಿಣ ಆಫ್ರಿಕಾ ಎದುರು ಮಾತ್ರ ಕೈ ಕೊಟ್ಟ. ಎದುರಾಳಿ ಬೆನ್ ಡಕೆಟ್ ಲೀಡ್ಸ್‌ನಲ್ಲಿ 371 ಬೆನ್ನಟ್ಟುವಾಗ 149 ಹೊಡೆದು ಗೆಲ್ಲಿಸಿದ್ದು ದೊಡ್ಡದೇ, ಆದರೆ ಆಸ್ಟ್ರೇಲಿಯಾಕ್ಕೆ ಹೋದ ಮೇಲೆ ಅವನ ಸದ್ದಡಗಿತು. ಎರಡೂ ಬದಿ ತೂಗಿಸಿ ರಾಹುಲನಿಗೇ ಟಿಕ್ ಹಾಕಿದೀನಿ. ಪಕ್ಷಪಾತ ಅನ್ನಿಸಿದರೆ ಬೈಯಿರಿ, ಆದರೆ ಡಕೆಟ್ ಪರ ವಾದ ಮಂಡಿಸಿ ಬೈಯಿರಿ.

ಮೂರನೇ ಕ್ರಮಾಂಕಕ್ಕೆ ಜೋ ರೂಟ್. ಸಾಮಾನ್ಯವಾಗಿ ಆಡೋದು ನಾಲ್ಕರಲ್ಲಿ, ಆದರೆ ಇಂಗ್ಲೆಂಡಿಗೆ ಮೊದಲ ವಿಕೆಟ್ಟುಗಳು ಬೀಳೋ ರೀತಿ ನೋಡಿದರೆ ಎರಡಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ :) ಲಾರ್ಡ್ಸ್‌ನಲ್ಲಿ ಎರಡೂ ತಂಡಗಳ ಮೊದಲ ಇನ್ನಿಂಗ್ಸ್ 387ಕ್ಕೆ ಸಮ ಆಗಿ, ಕೊನೆಗೆ ಇಂಗ್ಲೆಂಡ್ ಗೆದ್ದದ್ದು ಬರೀ 22 ರನ್ನಿನಿಂದ. ರೂಟನ 104 ಇಲ್ಲದಿದ್ದರೆ? ಡಿಸೆಂಬರಿನಲ್ಲಿ ಬ್ರಿಸ್ಬೇನಿನಲ್ಲಿ ಆಸ್ಟ್ರೇಲಿಯಾ ನೆಲದ ಮೊದಲ ಶತಕವೂ ಬಂತು.

ನಾಲ್ಕಕ್ಕೆ ಶುಭಮನ್ ಗಿಲ್. ಹೊಸ ನಾಯಕ, ಐದು ಟೆಸ್ಟಿನಲ್ಲಿ 754 ರನ್. ಎಜ್‌ಬಾಸ್ಟನ್ನಿನಲ್ಲಿ 269 ಮತ್ತು 161. ಆ ಮೈದಾನದಲ್ಲಿ ಭಾರತ ಅದುವರೆಗೆ ಒಂದೂ ಟೆಸ್ಟ್ ಗೆದ್ದಿರಲಿಲ್ಲ. ಐದಕ್ಕೆ ಟ್ರಾವಿಸ್ ಹೆಡ್. ಪರ್ತ್‌ನಲ್ಲಿ ಬೌಲರುಗಳ ರಾಜ್ಯ ನಡೀತಿದ್ದಾಗ ಓಪನಿಂಗಿಗೆ ಬಂದು 83 ಎಸೆತಕ್ಕೆ 123. ಎರಡೇ ದಿನಕ್ಕೆ ಟೆಸ್ಟ್ ಮುಗಿಸಿದ. ಅಡಿಲೇಡಿನಲ್ಲಿ 170 ಹೊಡೆದು ಆಶಸ್ ಅಲ್ಲೇ ತೀರ್ಮಾನವಾಗುವಂತೆ ಮಾಡಿದ. ಸಿಡ್ನಿಯ ಶತಕ 2026ರ ಜನವರಿಯದ್ದು, ಈ ಲೆಕ್ಕಕ್ಕೆ ಬರಲ್ಲ. ಆರಕ್ಕೆ ನಾಯಕ ಬವುಮಾ.

ಕೀಪರ್ ಅಲೆಕ್ಸ್ ಕ್ಯಾರಿ. ಲೀಡ್ಸ್‌ನಲ್ಲಿ ಎರಡೂ ಇನ್ನಿಂಗ್ಸಿನಲ್ಲಿ ಶತಕ ಹೊಡೆದ, ಮ್ಯಾಂಚೆಸ್ಟರಿನಲ್ಲಿ ಪಾದ ಮುರಿದುಕೊಂಡೂ ಬ್ಯಾಟ್ ಹಿಡಿದು ಬಂದ ರಿಷಭ್ ಪಂತ್‌ನನ್ನು ಬಿಡೋವಾಗ ಕರುಳು ಚುರುಕ್ ಅಂದಿತು. ಆದರೆ ಕ್ಯಾರಿ ಗಾಲ್‌ನ ಸ್ಪಿನ್ ಪಿಚ್ಚಿನಲ್ಲಿ 156, ಅಡಿಲೇಡಿನಲ್ಲಿ 106 ಮತ್ತು 72. ಆ ಅಡಿಲೇಡ್ ಟೆಸ್ಟ್ ಆಸ್ಟ್ರೇಲಿಯಾ ಗೆದ್ದದ್ದು 82 ರನ್ನಿನಿಂದ. ಸ್ಟಂಪಿನ ಹಿಂದೆ ಅವನ ಕೆಲಸ ನೋಡಿದವರು ವಾದ ಮಾಡಲಿಕ್ಕಿಲ್ಲ.

ಎಂಟಕ್ಕೆ ಮಾರ್ಕೊ ಯಾನ್ಸನ್. ಗುವಾಹಟಿಯಲ್ಲಿ ಮೊದಲು 93 ರನ್, ಆಮೇಲೆ 48ಕ್ಕೆ 6 ವಿಕೆಟ್. ಒಂಬತ್ತಕ್ಕೆ ಮಿಚೆಲ್ ಸ್ಟಾರ್ಕ್. ಕಿಂಗ್‌ಸ್ಟನ್ನಿನಲ್ಲಿ ತನ್ನ ನೂರನೇ ಟೆಸ್ಟಿನಲ್ಲಿ 9 ರನ್ನಿಗೆ 6 ವಿಕೆಟ್, ವಿಂಡೀಸ್ 27ಕ್ಕೆ ಆಲೌಟ್. ಪರ್ತ್‌ನಲ್ಲಿ 58ಕ್ಕೆ 7. ಬ್ರಿಸ್ಬೇನಿನಲ್ಲಿ ಆರು ವಿಕೆಟ್ ಜೊತೆ 77 ರನ್. ಇವನ ಬಗ್ಗೆ ಎರಡು ಮಾತಿಲ್ಲ.

ಹತ್ತಕ್ಕೆ ಸೈಮನ್ ಹಾರ್ಮರ್. ಈತನ ಕಥೆ ಗೊತ್ತಿರಲಿ. 2015ರಲ್ಲಿ ಭಾರತಕ್ಕೆ ಬಂದು ಆಡಿದ್ದ, ಆಮೇಲೆ ತಂಡದಲ್ಲಿ ಜಾಗ ಸಿಗದೆ ಇಂಗ್ಲೆಂಡಿನ ಎಸೆಕ್ಸ್ ಕೌಂಟಿಗೆ ಹೋಗಿ ವರ್ಷಗಟ್ಟಲೆ ಬೌಲ್ ಮಾಡಿದ. ಹತ್ತು ವರ್ಷ ಬಿಟ್ಟು, 36ರ ವಯಸ್ಸಿನಲ್ಲಿ ಭಾರತಕ್ಕೆ ಮತ್ತೆ ಬಂದ. ಅಕ್ಟೋಬರಿನಲ್ಲಿ ರಾವಲ್ಪಿಂಡಿಯಲ್ಲಿ ಆರು ವಿಕೆಟ್ ಕಿತ್ತು ಸರಣಿ ಸಮ ಮಾಡಿಸಿದ. ಭಾರತದಲ್ಲಿ ಎರಡೇ ಟೆಸ್ಟಿನಲ್ಲಿ 17 ವಿಕೆಟ್. ಸ್ಪಿನ್ ನಮ್ಮ ಮನೆಯ ಅಡುಗೆ ಅಂದುಕೊಂಡಿದ್ದೆವು, ಅತಿಥಿ ಬಂದು ಬಡಿಸಿ ಹೋದ.

ಹನ್ನೊಂದನೆಯವನು ಮೊಹಮ್ಮದ್ ಸಿರಾಜ್. ಬುಮ್ರಾನನ್ನು ಬಿಟ್ಟು ಸಿರಾಜ್? ಹೌದು. ಬುಮ್ರಾ ದೊಡ್ಡ ಬೌಲರ್ ಅನ್ನೋದರಲ್ಲಿ ಚರ್ಚೆಯೇ ಇಲ್ಲ. ಆದರೆ ಇಂಗ್ಲೆಂಡಿನಲ್ಲಿ ಆತ ಆಡಿದ್ದು ಮೂರು ಟೆಸ್ಟ್. ಎರಡೂ ತಂಡ ಸೇರಿ ಐದೂ ಟೆಸ್ಟ್ ಆಡಿದ ವೇಗಿಗಳು ಇಬ್ಬರೇ, ಸಿರಾಜ್ ಮತ್ತು ವೋಕ್ಸ್. ಸಿರಾಜ್ ಎಸೆದದ್ದು 185.3 ಓವರ್, ತೆಗೆದದ್ದು 23 ವಿಕೆಟ್. ಓವಲ್‌ನ ಕೊನೆಯ ಬೆಳಿಗ್ಗೆ ಇಂಗ್ಲೆಂಡಿಗೆ 35 ರನ್ ಬೇಕಿತ್ತು, ಕೈಯಲ್ಲಿ ನಾಲ್ಕು ವಿಕೆಟ್. ಮೂರನ್ನು ಸಿರಾಜನೇ ಕಿತ್ತ, ಭಾರತ ಆರು ರನ್ನಿನಿಂದ ಗೆದ್ದಿತು. ಅದಕ್ಕೆ ಹಿಂದಿನ ದಿನ ಇದೇ ಸಿರಾಜ್ ಬ್ರೂಕ್‌ನ ಕ್ಯಾಚ್ ಹಿಡಿದು ಬೌಂಡರಿ ಹಗ್ಗ ತುಳಿದಿದ್ದ. ಬಿದ್ದಲ್ಲಿಂದಲೇ ಎದ್ದು ಓಡಿ ಬಂದವನಿಗೆ ಕೊಡದೆ ಇನ್ಯಾರಿಗೆ ಕೊಡೋದು? ನವೆಂಬರಿನ ಲೆಕ್ಕ ತೆಗೆದು ಕೋಲ್ಕತ್ತಾದಲ್ಲಿ ಬುಮ್ರಾ 27ಕ್ಕೆ 5 ತೆಗೆದ ಅಂತ ಹೇಳೋರಿದ್ದೀರಿ. ಒಪ್ತೀನಿ. ಸಿರಾಜ್ ಅಹಮದಾಬಾದಿನಲ್ಲಿ ವಿಂಡೀಸನ್ನು ಮೊದಲ ದಿನವೇ ಕೆಡವಿದ್ದನ್ನೂ ನೀವು ಒಪ್ಪಬೇಕು.

ಹನ್ನೆರಡನೆಯವನು ಬೆನ್ ಸ್ಟೋಕ್ಸ್. ರಬಾಡನಿಗೆ ಅನ್ಯಾಯ ಆಯಿತು ಅಂತ ನನಗೇ ಅನ್ನಿಸ್ತಿದೆ, ಲಾರ್ಡ್ಸ್ ಫೈನಲ್ಲಿನಲ್ಲಿ ಒಂಬತ್ತು ವಿಕೆಟ್ ತೆಗೆದವನು. ಆದರೆ ಗಾಯದಿಂದ ಭಾರತ ಸರಣಿ ಆಡಲಿಲ್ಲ. ಜಾಗ ಹನ್ನೊಂದೇ.

ಲೆಕ್ಕ ಹಾಕಿ. ದಕ್ಷಿಣ ಆಫ್ರಿಕಾ ನಾಲ್ಕು, ಭಾರತ ಮೂರು, ಆಸ್ಟ್ರೇಲಿಯಾ ಮೂರು, ಇಂಗ್ಲೆಂಡ್ ಒಂದು. ಗದೆ ಎತ್ತಿದ, ಭಾರತಕ್ಕೆ ಬಂದು 2-0 ಗೆದ್ದ ತಂಡದ ನಾಲ್ಕು ಜನ ಇರೋದು ಸಹಜ ಅಲ್ಲವಾ? ಒಟ್ಟು ರನ್ನಿನ ಪಟ್ಟಿ ಹಿಡಿದಿದ್ದರೆ ಇದರಲ್ಲಿ ಬವುಮಾ ಖಂಡಿತ ಇರ್ತಿರಲಿಲ್ಲ. ವರ್ಷದ ತಂಡದಲ್ಲಿ ವರ್ಷದ ನಾಯಕನೇ ಇಲ್ಲದಿದ್ದರೆ ಆ ತಂಡ ಯಾತಕ್ಕೆ?

ಕರ್ನಾಟಕದ ಇನ್ನಿಬ್ಬರ ಮಾತು ಹೇಳದೆ ಮುಗಿಸಲಾರೆ. ಪ್ರಸಿದ್ಧ್ ಕೃಷ್ಣ ಓವಲ್‌ನಲ್ಲಿ ಎರಡೂ ಇನ್ನಿಂಗ್ಸಿನಲ್ಲಿ ನಾಲ್ಕು ನಾಲ್ಕು ವಿಕೆಟ್ ತೆಗೆದ. ಕರುಣ್ ನಾಯರ್, 2016ರಲ್ಲಿ ಚೆನ್ನೈನಲ್ಲಿ 303 ಹೊಡೆದು ಮರುವರ್ಷವೇ ಹೊರಬಿದ್ದವನು, ಎಂಟು ವರ್ಷದ ಮೇಲೆ ಮತ್ತೆ ಟೆಸ್ಟ್ ಆಡಿದ. ನಾಲ್ಕು ಟೆಸ್ಟಿನಲ್ಲಿ 205 ರನ್. ಸಾಲಲಿಲ್ಲ, ಮತ್ತೆ ಕೈಬಿಟ್ಟರು. ಆದರೆ ಓವಲ್‌ನಲ್ಲಿ ಭಾರತದ 224ರಲ್ಲಿ ಅವನ 57 ಎಲ್ಲರಿಗಿಂತ ಹೆಚ್ಚು. ಆ ಟೆಸ್ಟ್ ಗೆದ್ದದ್ದು ಆರು ರನ್ನಿನಿಂದ! ವರ್ಷದ ತಂಡಕ್ಕೆ ಇಬ್ಬರೂ ಬರಲ್ಲ, ಬರಿಸಬಾರದು. ಆದರೆ 303ಕ್ಕಿಂತ ಆ 57 ಭಾರತಕ್ಕೆ ಹೆಚ್ಚು ಬೇಕಾಗಿದ್ದ ರನ್ ಅಂತ ನಾನು ವಾದ ಮಾಡಬಲ್ಲೆ. 303ರ ದಿನ ಸರಣಿ ಆಗಲೇ ನಮ್ಮ ಕೈಗೆ ಬಂದಿತ್ತು.

ಇದೆಲ್ಲಾ ಸುಮ್ಮನೆ ಹೊತ್ತು ಕಳೆಯೋ ಆಟ, ಇದರಿಂದ ಏನಾಗಬೇಕು ಅನ್ನಬಹುದು. ನಾನು ಹಾಗೆ ಅನ್ನಲ್ಲ. ನಾವು ಯಾರನ್ನು ಹೊಗಳ್ತೀವೋ ಅವರ ಹಾಗೆ ಆಡಲಿಕ್ಕೆ ಹುಡುಗರು ಕಲೀತಾರೆ. ನಮ್ಮ ಸೀಮೆಯ ಗದಗದಿಂದ ಹೋದ ಸುನಿಲ್ ಜೋಶಿ 15 ಟೆಸ್ಟ್ ಆಡಿ 41 ವಿಕೆಟ್ ತೆಗೆದರು. ಪಟ್ಟಿಯಲ್ಲಿ ಅದು ಸಣ್ಣದೇ. ಆದರೆ 2000ದಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟಿನಲ್ಲಿ 92 ರನ್ ಹೊಡೆದು, ಎಂಟು ವಿಕೆಟ್ ತೆಗೆದು ಪಂದ್ಯಶ್ರೇಷ್ಠರಾದದ್ದು ಅವರೇ. 2020ರಲ್ಲಿ ಭಾರತ ತಂಡದ ಮುಖ್ಯ ಆಯ್ಕೆಗಾರರೂ ಆದರು. ದೊಡ್ಡ ಊರಿನ ಹುಡುಗನಿಗೆ ಹತ್ತು ಅವಕಾಶ ಸಿಗ್ತವೆ, ನಮ್ಮ ಕಡೆಯವನಿಗೆ ಒಂದೋ ಎರಡೋ. ಸಿಕ್ಕ ಒಂದೆರಡರಲ್ಲಿ ಏನು ಮಾಡಿದ ಅನ್ನೋದನ್ನು ನೋಡದೆ, ಒಟ್ಟು ಎಷ್ಟು ಅಂತ ಮಾತ್ರ ಕೇಳೋ ಲೆಕ್ಕ ಯಾವತ್ತೂ ಬ್ಯಾಟಿನ ಮಾಲೀಕನ ಪರವೇ. ದಕ್ಷಿಣ ಆಫ್ರಿಕಾಕ್ಕೆ 2025-26ರ ಬೇಸಿಗೆಯಲ್ಲಿ ಸ್ವಂತ ನೆಲದಲ್ಲಿ ಒಂದೇ ಒಂದು ಟೆಸ್ಟ್ ಇರಲಿಲ್ಲ. ಗದೆ ಗೆದ್ದ ದೇಶಕ್ಕೇ ಈ ಗತಿ. ಕ್ಯಾಲೆಂಡರ್ ಬದಲಿಸೋದು ನಮ್ಮ ನಿಮ್ಮ ಕೈಲಿಲ್ಲ. ನಮ್ಮ ಲೆಕ್ಕ ಬದಲಿಸಿಕೊಳ್ಳೋದು ಮಾತ್ರ ಖಂಡಿತ ನಮ್ಮ ಕೈಲಿದೆ.

ಈಗ ನಿಮ್ಮ ಸರದಿ. ನಿಮ್ಮ ನಿಮ್ಮ ಬ್ಲಾಗಿನಲ್ಲಿ ನಿಮ್ಮ ಹನ್ನೊಂದು ಬರೀರಿ. ಬುಮ್ರಾ ಇರಲಿ, ಪಂತ್ ಇರಲಿ, ಡಕೆಟ್ಟೇ ಬರಲಿ, ಬೇಜಾರಿಲ್ಲ. ಒಂದೇ ಷರತ್ತು: ಪ್ರತಿ ಹೆಸರಿನ ಮುಂದೆ ಒಟ್ಟು ರನ್ ಬರೀಬೇಡಿ. ಅವನಿಲ್ಲದಿದ್ದರೆ ಯಾವ ಪಂದ್ಯ ಕೈ ತಪ್ಪುತ್ತಿತ್ತು ಅಂತ ಒಂದು ಸಾಲು ಬರೀರಿ. ಆ ಸಾಲು ಹೊಳೀಲಿಲ್ಲ ಅಂದರೆ ಆ ಹೆಸರು ಹೊಡೆದುಹಾಕಿ, ಮುಂದಿನವನನ್ನು ನೋಡಿ.